ರಸ್ತೆ ಓಟಕ್ಕೆ ಯಾವ ಶೂ? ಅಂಗಡಿಯಲ್ಲೇ ಹಾಕಿ, ಓಡಿ ನೋಡಿ ಆರಿಸಿ

ಮೈಸೂರಿನ ಅಕ್ಕನ ಮನೆ ಹಾಲ್‌ನಲ್ಲಿ ಹಳೇ ಪೇಪರ್ ಹಾಸಿ, ಅದರ ಮೇಲೆ ಅವಳನ್ನು ನಿಲ್ಲಿಸಿ, ಎರಡೂ ಪಾದಗಳ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದೆ. ಹಿಮ್ಮಡಿಯಿಂದ ಉದ್ದದ ಬೆರಳಿನ ತುದಿಯವರೆಗೆ ಸ್ಕೇಲ್ ಇಟ್ಟು ಅಳೆದರೆ ಎಡಗಾಲು 24.1 ಸೆಂ.ಮೀ., ಬಲಗಾಲು 24.5.

"ಅಯ್ಯೋ, ನನ್ನ ಕಾಲು ಎರಡೂ ಒಂದೇ ಸಮ ಇಲ್ವಾ?" ಅಂತ ಅಕ್ಕ ಗಾಬರಿಯಾದಳು.

ಗಾಬರಿಯಾಗುವ ವಿಷಯವೇ ಅಲ್ಲ. ಬಹಳಷ್ಟು ಜನರಿಗೆ ಒಂದು ಕಾಲು ಇನ್ನೊಂದಕ್ಕಿಂತ ಚೂರು ದೊಡ್ಡದಾಗಿಯೇ ಇರುತ್ತದೆ. ಚಪ್ಪಲಿ ಹಾಕುವಾಗ ಇದು ಗೊತ್ತಾಗುವುದಿಲ್ಲ. ಓಡುವ ಶೂ ಕೊಳ್ಳುವಾಗ ಮಾತ್ರ ಈ 4 ಮಿಲಿಮೀಟರ್ ತುಂಬಾ ಮುಖ್ಯ. ಯಾಕೆಂದರೆ ಯುಕೆ ಅಳತೆಯಲ್ಲಿ ಅರ್ಧ ಸೈಜ್ ಅಂದರೆ ಹೆಚ್ಚುಕಮ್ಮಿ ಅಷ್ಟೇ. ಶೂ ಕೊಳ್ಳಬೇಕಾದದ್ದು ಯಾವತ್ತೂ ದೊಡ್ಡ ಕಾಲಿನ ಅಳತೆಗೆ. ಚಿಕ್ಕ ಕಾಲಿಗೆ ಸ್ವಲ್ಪ ಸಡಿಲ ಅನಿಸಿದರೆ ಲೇಸು ಬಿಗಿ ಮಾಡಿ ಸರಿ ಮಾಡಬಹುದು. ದೊಡ್ಡ ಕಾಲಿಗೆ ಬಿಗಿಯಾದರೆ ಏನೂ ಮಾಡಲಾಗದು.

ಅಕ್ಕನಿಗೆ ಈಗ 47. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವರ್ಷಗಟ್ಟಲೆ ವಾಕಿಂಗ್ ಮಾಡಿದವಳು. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ 10ಕೆ (10 ಕಿ.ಮೀ.) ಓಟದಲ್ಲಿ ಒಂದ್ಸಲ ಓಡಬೇಕು ಅಂತ ಆಸೆಪಟ್ಟಳು. ಶೂ ಆರಿಸಿಕೊಡು ಅಂತ ನನಗೆ ಹೇಳಿದಳು. ಹೀಗೆ ಕೇಳುವವರು ನನಗೆ ವರ್ಷಕ್ಕೆ ನಾಲ್ಕೈದು ಜನ ಸಿಗುತ್ತಾರೆ. ಎಲ್ಲರೂ ಮೊದಲು ಕೇಳುವುದು "ಯಾವ ಕಂಪನಿದು ತಗೊಳ್ಲಿ?" ಅಂತ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಒಳ್ಳೆಯ ಓಟದ ಶೂ ಮಾಡುವ ಕಂಪನಿಗಳು ಹತ್ತಾರು ಇವೆ. ನಿಮ್ಮ ಕಾಲಿಗೆ ಅವುಗಳಲ್ಲಿ ಯಾವುದು ಕೂರುತ್ತದೆ ಅನ್ನುವುದು ಶೂ ಹಾಕಿ ಓಡಿದಾಗ ಮಾತ್ರ ಗೊತ್ತಾಗುತ್ತದೆ.

ನಾನಿದನ್ನು ಕಲಿತದ್ದು ನೋವು ತಿಂದು. ಮೊದಲ ಹಾಫ್ ಮ್ಯಾರಥಾನ್‌ಗೆ ಒಂದು ಆನ್‌ಲೈನ್ ತಾಣದಲ್ಲಿ, ಆಫೀಸ್ ಶೂನ ಸೈಜ್‌ನಲ್ಲೇ ಓಟದ ಶೂ ತರಿಸಿದ್ದೆ. ಮನೆಯಲ್ಲಿ ಹಾಕಿಕೊಂಡಾಗ ಚೆನ್ನಾಗೇ ಇತ್ತು. 15 ಕಿ.ಮೀ. ಹೊತ್ತಿಗೆ ಕಾಲು ಊದಿ, ಬೆರಳುಗಳು ಶೂನ ಮೂತಿಗೆ ಬಡಿಯತೊಡಗಿದವು. ಎರಡು ಉಗುರು ಕಪ್ಪಾಗಿ, ಒಂದು ತಿಂಗಳಲ್ಲಿ ಉದುರಿಹೋದವು. ಆ ನೋವು ಬೇರೆ ಯಾರಿಗೂ ಬೇಡ.

ಉದ್ದ ಮತ್ತು ಅಗಲ: ಮಿಕ್ಕಿದ್ದೆಲ್ಲ ಇದರ ನಂತರ

ನಿಂತುಕೊಂಡಾಗ ಉದ್ದದ ಬೆರಳಿನ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು. ಉದ್ದದ ಬೆರಳು ಅಂದರೆ ಎಲ್ಲರಿಗೂ ಕಾಲಿನ ಹೆಬ್ಬೆರಳಲ್ಲ. ಎಷ್ಟೋ ಜನರಿಗೆ ಪಕ್ಕದ ಬೆರಳೇ ಉದ್ದ. ನಮ್ಮ ಅಕ್ಕನಿಗೂ ಹಾಗೇ. ಓಡುವಾಗ ಕಾಲು ಊದುತ್ತದೆ, ಪಾದ ಪ್ರತಿ ಹೆಜ್ಜೆಗೂ ಮುಂದಕ್ಕೆ ಜಾರುತ್ತದೆ. ಆ ಜಾಗ ಬೇಕಾಗುವುದು ಅದಕ್ಕೆ. ಹೀಗಾಗಿ ಮಾಮೂಲಿ ಚಪ್ಪಲಿ, ಶೂಗಿಂತ ಅರ್ಧ ಸೈಜ್, ಒಮ್ಮೊಮ್ಮೆ ಒಂದು ಸೈಜ್ ದೊಡ್ಡದೇ ಬೇಕಾಗುತ್ತದೆ. ಅಕ್ಕನ ಚಪ್ಪಲಿ 5, ಕೊನೆಗೆ ತಗೊಂಡ ಶೂ 6.

ಸೈಜ್ ನಂಬರ್ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಒಂದೇ ಯುಕೆ 8ಕ್ಕೆ ಒಬ್ಬರು ಯುಎಸ್ 9 ಅಂತ ಬರೆದರೆ, ಇನ್ನೊಬ್ಬರು 8.5 ಅಂತ ಬರೆಯುತ್ತಾರೆ. ಶೂನ ನಾಲಿಗೆಯ ಒಳಗಿನ ಲೇಬಲ್‌ನಲ್ಲಿ ಸೆಂ.ಮೀ. ಅಳತೆ ಇದ್ದರೆ ಅದನ್ನು ನೋಡಿ, ನಿಮ್ಮ ಪೇಪರ್ ಮೇಲಿನ ಅಳತೆಗೆ ಹೋಲಿಸಿ. ಅದರಿಂದ ಎಲ್ಲಿಂದ ಶುರು ಮಾಡಬೇಕು ಅನ್ನುವುದು ಗೊತ್ತಾಗುತ್ತದೆ. ತೀರ್ಮಾನ ಕಾಲಿನದ್ದೇ.

ಅಗಲದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಹೆಚ್ಚು ಜನ ಎಡವುವುದೇ ಇಲ್ಲಿ. ನಾವು ಮನೆಯೊಳಗೆ ಬರಿಗಾಲಲ್ಲಿ, ಹೊರಗೆ ಚಪ್ಪಲಿಯಲ್ಲಿ ಬೆಳೆದವರು. ಬೆರಳುಗಳು ಬಿಡಿಬಿಡಿಯಾಗಿ ಹರಡಿಕೊಂಡಿರುತ್ತವೆ. ಭಾರತದಲ್ಲಿ ಬರಿಗಾಲಲ್ಲೇ ನಡೆಯುವ ಜನರ ಪಾದಗಳನ್ನು ಅಳೆದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಶೂ ಹಾಕಿ ಬೆಳೆದವರಿಗಿಂತ ಇವರ ಪಾದದ ಮುಂಭಾಗ ಅಗಲ ಅಂತ ಅದರಲ್ಲಿ ಕಂಡುಬಂತು. ಅಂಥ ಕಾಲನ್ನು ಕಿರಿದಾದ ಶೂಗೆ ತುರುಕಿದರೆ ಕಿರುಬೆರಳು ಒತ್ತಿ ಬೊಬ್ಬೆ ಬರುತ್ತದೆ, ಬೆರಳು ಮರಗಟ್ಟುತ್ತವೆ. ಆಗ ನಾವು ಏನು ಮಾಡುತ್ತೇವೆ? ಒಂದು ಸೈಜ್ ಉದ್ದದ್ದು ತಗೊಳ್ಳುತ್ತೇವೆ. ಅಗಲ ಸಾಲದ್ದಕ್ಕೆ ಉದ್ದ ಕೊಟ್ಟರೆ ಹಿಮ್ಮಡಿ ಲೊಡಲೊಡ ಅನ್ನುತ್ತದೆ, ಶೂ ಬಗ್ಗುವ ಜಾಗವೂ ಪಾದ ಬಗ್ಗುವ ಜಾಗವೂ ಬೇರೆಬೇರೆಯಾಗುತ್ತವೆ.

ಅಗಲಕ್ಕೆ ಬೇರೆಯೇ ಗುರುತು ಇದೆ. ಗಂಡಸರ ಶೂನಲ್ಲಿ ಮಾಮೂಲಿ ಅಗಲಕ್ಕೆ 'ಡಿ' ಅನ್ನುತ್ತಾರೆ. ಅದಕ್ಕಿಂತ ಅಗಲ '2ಇ', ಇನ್ನೂ ಅಗಲ '4ಇ'. ಹೆಂಗಸರ ಶೂನಲ್ಲಿ ಮಾಮೂಲಿ 'ಬಿ', ಅಗಲದ್ದು 'ಡಿ'. ಏಸಿಕ್ಸ್, ಬ್ರೂಕ್ಸ್, ನ್ಯೂ ಬ್ಯಾಲೆನ್ಸ್ ಇಂಥವರು ಕೆಲವು ಮಾದರಿಗಳನ್ನು ಅಗಲದ ಅಳತೆಯಲ್ಲೂ ಮಾಡುತ್ತಾರೆ. ಆದರೆ ಎಲ್ಲ ಅಂಗಡಿಯಲ್ಲೂ ಅವನ್ನು ಇಟ್ಟಿರುವುದಿಲ್ಲ. ಬಾಯಿಬಿಟ್ಟು "ವೈಡ್ ಇದೆಯಾ?" ಅಂತ ಕೇಳಲೇಬೇಕು.

ಹೆಂಗಸರಿಗೆ ಇನ್ನೊಂದು ದಾರಿ ಇದೆ, ಇದನ್ನು ಅಂಗಡಿಯವರು ತಾವಾಗಿ ಹೇಳುವುದು ಕಮ್ಮಿ. ಅದೇ ಮಾದರಿಯ ಗಂಡಸರ ಶೂ ಹಾಕಿ ನೋಡಿ. ಅದರ ಮಾಮೂಲಿ ಅಗಲವೇ ಹೆಂಗಸರ ಶೂನ ಅಗಲದ ಅಳತೆಗೆ ಹತ್ತಿರ ಇರುತ್ತದೆ. ಹಿಮ್ಮಡಿ ಭಾಗ ಮಾತ್ರ ಸ್ವಲ್ಪ ಸಡಿಲ ಇರಬಹುದು, ಅದನ್ನು ಗಮನಿಸಿ.

ಅಗಲ ಪರೀಕ್ಷೆ ಮಾಡಲು ಸುಲಭದ ಉಪಾಯ: ಶೂನ ಒಳಗಿನ ಇನ್‌ಸೋಲ್ ಎಳೆದು ನೆಲದ ಮೇಲಿಟ್ಟು, ಅದರ ಮೇಲೆ ಪೂರ್ತಿ ಭಾರ ಹಾಕಿ ನಿಲ್ಲಿ. ಕಿರುಬೆರಳಾಗಲಿ, ಪಾದದ ಪಕ್ಕವಾಗಲಿ ಹೊರಗೆ ಚಾಚಿಕೊಂಡರೆ ಆ ಶೂ ನಿಮಗೆ ಕಿರಿದು. ಅರ್ಧ ನಿಮಿಷದ ಕೆಲಸ. ಇನ್‌ಸೋಲ್ ಅಂಟಿಸದೆ ಇದ್ದರೆ ಸಲೀಸಾಗಿ ಬರುತ್ತದೆ.

ನ್ಯೂಟ್ರಲ್ಲೋ, ಸ್ಟೆಬಿಲಿಟಿಯೋ

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವ ಮಾತು ಇದು. ಓಡುವಾಗ ಪಾದ ನೆಲ ಮುಟ್ಟಿ ಸ್ವಲ್ಪ ಒಳಗಡೆಗೆ ವಾಲುತ್ತದೆ. ಅದು ಸಹಜ. ಜಾಸ್ತಿ ವಾಲುವವರಿಗೆ ಅಂತ ಒಳಬದಿಗೆ ಆಧಾರ ಕೊಟ್ಟು ಮಾಡಿದ್ದು ಸ್ಟೆಬಿಲಿಟಿ ಶೂ. ಆ ಆಧಾರ ಇಲ್ಲದ್ದು ನ್ಯೂಟ್ರಲ್. ಏಸಿಕ್ಸ್‌ನಲ್ಲಿ ನಿಂಬಸ್ ನ್ಯೂಟ್ರಲ್, ಕಯಾನೊ ಸ್ಟೆಬಿಲಿಟಿ. ಬ್ರೂಕ್ಸ್‌ನಲ್ಲಿ ಗೋಸ್ಟ್ ಮತ್ತು ಅಡ್ರಿನಲಿನ್ ಹೀಗೇ ಜೋಡಿ.

ಪಾದದ ಕಮಾನು ನೋಡಿ ಶೂ ಆರಿಸಬೇಕು, ಒದ್ದೆ ಕಾಲಿನ ಅಚ್ಚು ನೋಡಿದರೆ ಸಾಕು ಅನ್ನುವ ಮಾತು ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಅಮೆರಿಕದ ಸೇನೆಯಲ್ಲಿ ತರಬೇತಿಗೆ ಬಂದವರ ಮೇಲೆ ಇದನ್ನೇ ಪರೀಕ್ಷಿಸಿ, 2009–10ರ ಹೊತ್ತಿಗೆ ಫಲಿತಾಂಶ ಪ್ರಕಟಿಸಿದರು. ಕೆಲವರಿಗೆ ಪಾದದ ಆಕಾರ ನೋಡಿ ಶೂ ಕೊಟ್ಟರು, ಮಿಕ್ಕವರಿಗೆಲ್ಲ ಒಂದೇ ಬಗೆಯ ಶೂ ಕೊಟ್ಟರು. ಪೆಟ್ಟಾಗುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹಾಗಾಗಿ ನಾನು ಹೊಸಬರಿಗೆ ಹೇಳುವುದು ಇಷ್ಟು: ನ್ಯೂಟ್ರಲ್‌ನಿಂದ ಶುರು ಮಾಡಿ. ಸ್ಟೆಬಿಲಿಟಿಯನ್ನೂ ಒಂದ್ಸಲ ಹಾಕಿ ಓಡಿ ನೋಡಿ. ಅದೇ ಹಿತ ಅನಿಸಿದರೆ ಧಾರಾಳವಾಗಿ ತಗೊಳ್ಳಿ. ಚಪ್ಪಟೆ ಪಾದ ಇದೆ ಅನ್ನುವ ಒಂದೇ ಕಾರಣಕ್ಕೆ ಬೇಡ. ಕೆಲವು ಅಂಗಡಿಗಳಲ್ಲಿ ಟ್ರೆಡ್‌ಮಿಲ್ ಮೇಲೆ ಓಡಿಸಿ ವಿಡಿಯೊ ತೆಗೆದು ತೋರಿಸುತ್ತಾರೆ. ನೋಡಿ, ತಿಳಿದುಕೊಳ್ಳಿ. ಆದರೆ ಪರದೆ ಒಂದು ಹೇಳಿ ಕಾಲು ಇನ್ನೊಂದು ಹೇಳಿದರೆ ಕಾಲಿನ ಮಾತು ಕೇಳಿ. ಆಗಲೇ ಮೊಣಕಾಲೋ ಹಿಮ್ಮಡಿಯೋ ನೋವಿದ್ದರೆ ಅಂಗಡಿಗೆ ಹೋಗುವ ಮುಂಚೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ.

ದಪ್ಪ ಸೋಲ್, ತೆಳು ಸೋಲ್, ಡ್ರಾಪ್

ಈಗ ಎಲ್ಲ ಕಡೆ ದಪ್ಪ ಸೋಲ್‌ನದ್ದೇ ಕಾಲ. ಹಾಕಿಕೊಂಡ ಕೂಡಲೇ ಮೆತ್ತಗೆ, ಹಿತವಾಗಿ ಇರುತ್ತದೆ. ಟಾರು ರಸ್ತೆಗೂ, ಬೆಂಗಳೂರಿನ ವೈಟ್ ಟಾಪಿಂಗ್ ಮಾಡಿದ ಕಾಂಕ್ರೀಟ್ ರಸ್ತೆಗೂ ಮೆತ್ತನೆ ಸೋಲ್ ಒಳ್ಳೆಯದೇ. ಆದರೆ ತೀರಾ ಎತ್ತರದ ಮೆತ್ತನೆ ಶೂನಲ್ಲಿ ಕೆಲವರಿಗೆ ಕಾಲು ಓಲಾಡಿದಂತೆ ಆಗುತ್ತದೆ. ನಮ್ಮ ಫುಟ್‌ಪಾತ್‌ನ ಏರುಪೇರಾದ ಕಲ್ಲುಚಪ್ಪಡಿ, ಹಂಪ್, ಗುಂಡಿಗಳ ನಡುವೆ ಓಡುವವರು ಇದನ್ನು ಯೋಚಿಸಬೇಕು. ಕಬ್ಬನ್ ಪಾರ್ಕಿನೊಳಗಿನ ರಸ್ತೆಯಲ್ಲೇ ಓಡುವವರಿಗೆ ಅಷ್ಟು ಚಿಂತೆ ಇಲ್ಲ.

ಡ್ರಾಪ್ ಅಂದರೆ ಹಿಮ್ಮಡಿ ಕೆಳಗಿನ ದಪ್ಪಕ್ಕೂ ಪಾದದ ಮುಂಭಾಗದ ದಪ್ಪಕ್ಕೂ ಇರುವ ವ್ಯತ್ಯಾಸ. 10 ಮಿ.ಮೀ. ಆಸುಪಾಸಿನದ್ದು ಮಾಮೂಲಿ. 4–5 ಮಿ.ಮೀ. ಅಂದರೆ ಕಮ್ಮಿ. ಸೊನ್ನೆ ಇರುವ ಶೂ ಕೂಡ ಇವೆ. ಡ್ರಾಪ್ ಕಮ್ಮಿಯಾದಷ್ಟೂ ಮೀನಖಂಡ ಮತ್ತು ಹಿಮ್ಮಡಿ ಮೇಲಿನ ಸ್ನಾಯುರಜ್ಜಿನ ಮೇಲೆ ಕೆಲಸ ಜಾಸ್ತಿ ಬೀಳುತ್ತದೆ. ದಿನವಿಡೀ ಸ್ವಲ್ಪ ಹೀಲ್ ಇರುವ ಚಪ್ಪಲಿ ಹಾಕುವವರು ಒಂದೇ ಏಟಿಗೆ ಸೊನ್ನೆ ಡ್ರಾಪ್‌ಗೆ ಇಳಿಯುವುದು ಬೇಡ. ಮೊದಲ ಜೋಡಿಗೆ 8ರಿಂದ 10 ನನ್ನ ಆಯ್ಕೆ.

ಸೋಲ್ ಒಳಗೆ ಗಟ್ಟಿ ಕಾರ್ಬನ್ ಹಾಳೆ ಇಟ್ಟು ಮಾಡಿದ ಕಾರ್ಬನ್ ಪ್ಲೇಟ್ ಶೂ ಬಗ್ಗೆ ಒಂದೇ ಮಾತು. ಅವು ರೇಸ್‌ಗೆ ಮಾಡಿದ್ದು, ದುಬಾರಿ, ಬೇಗ ಸವೆಯುತ್ತವೆ. ಮೊದಲ 10ಕೆಗೆ ಬೇಡ.

ಕಾಡು, ಬೆಟ್ಟದ ಮಣ್ಣಿನ ದಾರಿಯಲ್ಲಿ ಓಡಲು ಮಾಡಿದ ಟ್ರೇಲ್ ಶೂಗಳನ್ನೂ ರಸ್ತೆಗೆ ಕೊಳ್ಳಬೇಡಿ. ಅದರ ಹಲ್ಲುಗಳು ಮಣ್ಣು ಹಿಡಿಯಲು ಇರುವುದು, ಟಾರಿನ ಮೇಲೆ ಬೇಗ ತೇದುಹೋಗುತ್ತವೆ. ಚಾಮುಂಡಿ ಬೆಟ್ಟಕ್ಕೆ ರಸ್ತೆಯಲ್ಲಿ ಓಡಿ ಹತ್ತುತ್ತೇನೆ ಅನ್ನುವವರಿಗೂ ರಸ್ತೆ ಶೂನೇ ಸಾಕು. ಬ್ಯಾಡ್ಮಿಂಟನ್ ಶೂ ಪಕ್ಕಕ್ಕೆ ಜಿಗಿಯುವ ಆಟಕ್ಕೆ ಮಾಡಿದ್ದು, ಅದರಲ್ಲಿ 5 ಕಿ.ಮೀ. ಓಡಿ ಕಾಲು ನೋವು ತರಿಸಿಕೊಂಡವರನ್ನು ಕಂಡಿದ್ದೇನೆ.

ಎಲ್ಲಿ ಕೊಳ್ಳುವುದು

ನಾಲ್ಕು ದಾರಿ ಇವೆ. ಒಂದೇ ಕಂಪನಿಯ ಷೋರೂಮ್‌ನಲ್ಲಿ ಆ ಕಂಪನಿಯ ಮಾದರಿಗಳೂ ಸೈಜ್‌ಗಳೂ ಚೆನ್ನಾಗಿ ಸಿಗುತ್ತವೆ, ಆದರೆ ಬೇರೆಯದರ ಜೊತೆ ಹೋಲಿಸಲು ಆಗುವುದಿಲ್ಲ. ಹಲವು ಕಂಪನಿಗಳ ಶೂ ಇಡುವ, ಓಟಗಾರರಿಗೇ ಮೀಸಲಾದ ಅಂಗಡಿ ಎಲ್ಲಕ್ಕಿಂತ ಒಳ್ಳೆಯದು. ಪಕ್ಕಪಕ್ಕದಲ್ಲಿ ಇಟ್ಟು ನೋಡಬಹುದು. ಇಂಥವು ಬೆಂಗಳೂರಿನಲ್ಲಿ ಸಿಗುತ್ತವೆ, ಚಿಕ್ಕ ಊರುಗಳಲ್ಲಿ ಕಷ್ಟ. ಡೆಕಾತ್ಲಾನ್‌ನಂಥ ದೊಡ್ಡ ಮಳಿಗೆಯಲ್ಲಿ ಯಾರೂ ಹಿಂದೆ ನಿಂತು ಅವಸರ ಮಾಡುವುದಿಲ್ಲ. ಶೂ ಹಾಕಿ ಮಳಿಗೆ ತುಂಬಾ ಓಡಾಡಬಹುದು. ಬೆಲೆಯೂ ಕಮ್ಮಿಯಿಂದ ಶುರುವಾಗುತ್ತದೆ. ಓಟ ಮುಂದುವರಿಸುತ್ತೇನೋ ಇಲ್ಲವೋ ಅಂತ ಅನುಮಾನ ಇರುವವರಿಗೆ ಇದೇ ಸರಿ.

ನಾಲ್ಕನೆಯದು ಆನ್‌ಲೈನ್. ಹಿಂದೊಮ್ಮೆ ಹಾಕಿದ ಅದೇ ಮಾದರಿ, ಅದೇ ಸೈಜ್ ಮತ್ತೆ ತಗೊಳ್ಳುವುದಾದರೆ ಆನ್‌ಲೈನ್ ಅಡ್ಡಿಯಿಲ್ಲ. ಆದರೂ ಮಾದರಿಯ ಹೆಸರಿನ ಮುಂದಿನ ನಂಬರ್ ನೋಡಿ. ಹೋಕಾ ಕಂಪನಿಯ ಕ್ಲಿಫ್ಟನ್ 9ರಲ್ಲಿ ಡ್ರಾಪ್ 5 ಮಿ.ಮೀ. ಇತ್ತು, 10ರಲ್ಲಿ 8 ಮಿ.ಮೀ. ಆಯಿತು. ಹೆಸರು ಅದೇ, ಶೂ ಬೇರೆ. ಹೊಸ ನಂಬರ್ ಬಂದಾಗ ಮತ್ತೆ ಹಾಕಿಯೇ ನೋಡಬೇಕು. ಆನ್‌ಲೈನ್ ಬಿಟ್ಟು ಬೇರೆ ದಾರಿ ಇಲ್ಲ ಅನ್ನುವ ಊರಿನಲ್ಲಿ ಇದ್ದರೆ ಅಕ್ಕಪಕ್ಕದ ಎರಡು ಸೈಜ್ ತರಿಸಿ, ಮನೆಯೊಳಗೆ ಸ್ವಚ್ಛ ನೆಲದ ಮೇಲೆ ಹಾಕಿ ನೋಡಿ, ಸರಿಹೋಗದ್ದನ್ನು ವಾಪಸ್ ಕಳಿಸಿ. ತರಿಸುವ ಮುಂಚೆ ವಾಪಸ್ ತಗೊಳ್ಳುತ್ತಾರಾ, ದುಡ್ಡು ಕೊಡುತ್ತಾರಾ ಅಥವಾ ಬದಲಿ ಶೂ ಮಾತ್ರಾನಾ ಅಂತ ಓದಿಕೊಳ್ಳಿ.

ಒಂದು ಮಾತು ಮನಸ್ಸಿನಿಂದ ಹೇಳುತ್ತೇನೆ. ಅಂಗಡಿಯ ಹುಡುಗ ಅರ್ಧ ಗಂಟೆ ಕೂತು ಆರು ಡಬ್ಬ ತೆಗೆದು ತೋರಿಸಿದ ಮೇಲೆ, ಅಲ್ಲೇ ನಿಂತು ಫೋನ್‌ನಲ್ಲಿ ಇನ್ನೂರು ರೂಪಾಯಿ ಕಮ್ಮಿಗೆ ಆರ್ಡರ್ ಮಾಡಬೇಡಿ. ಹಾಕಿ ನೋಡಲು ಬಿಡುವ ಅಂಗಡಿಗಳು ಉಳಿಯಬೇಕು ಅಲ್ವಾ?

ಅಂಗಡಿಯಲ್ಲಿ ಅಕ್ಕ

ಭಾನುವಾರ ಸಂಜೆ 5ರ ಮೇಲೆ ಹೋದೆವು. ದಿನವಿಡೀ ಓಡಾಡಿ ಕಾಲು ಸ್ವಲ್ಪ ಊದಿರುತ್ತದೆ, ಓಡುವಾಗಿನ ಅಳತೆಗೆ ಹತ್ತಿರ. ಅಕ್ಕ ವಾಕಿಂಗ್‌ಗೆ ಹಾಕುವ ಕಾಲುಚೀಲವನ್ನೇ ಬ್ಯಾಗಿನಲ್ಲಿ ತಂದಿದ್ದಳು. ಹಳೇ ಶೂ ಕೂಡ ತರಲು ಹೇಳಿದ್ದೆ. ಅದರ ಕಿರುಬೆರಳಿನ ಕಡೆ ಬಟ್ಟೆ ಹರಿದು ತೂತಾಗಿತ್ತು. ಅಂಗಡಿಯ ಹುಡುಗ ಅದನ್ನು ನೋಡಿದ ಕೂಡಲೇ "ಮೇಡಂ, ನಿಮಗೆ ಅಗಲದ್ದು ಬೇಕು" ಅಂದ. ಕೆಲಸ ಗೊತ್ತಿದ್ದವನು.

ಮೊದಲನೆಯದು ತುಂಬಾ ದಪ್ಪ ಸೋಲ್‌ನದು. "ಹಾಸಿಗೆ ಮೇಲೆ ನಿಂತ ಹಾಗಿದೆ ಕಣೋ, ಇದೇ ಸಾಕು" ಅಂದಳು. ಓಡಿ ನೋಡು ಅಂದೆ. ಅಂಗಡಿಯೊಳಗೆ ನಾಲ್ಕು ಜನರ ಮುಂದೆ ಓಡಲು ಸಂಕೋಚ. ಹೊರಗಿನ ಕಾರಿಡಾರ್‌ನಲ್ಲಿ ನಾನೂ ಜೊತೆಗೆ ಓಡಿದೆ. ಮೂರು ಸುತ್ತು ಹೋಗಿ ತಿರುಗುವಾಗ ಕಣಕಾಲು ಓಲಾಡುತ್ತದೆ ಅಂತ ಅವಳೇ ಹೇಳಿದಳು. ಎರಡನೆಯದು ಸ್ಟೆಬಿಲಿಟಿ. ನಡೆಯುವಾಗ ಚೆನ್ನಾಗಿತ್ತು, ಓಡಿದಾಗ ಪಾದದ ಒಳಬದಿಗೆ ಏನೋ ಗಂಟು ಒತ್ತಿದಂತಾಯಿತು. ಮೂರನೆಯದು ಮಾಮೂಲಿ ದಪ್ಪದ ನ್ಯೂಟ್ರಲ್. ಹೆಂಗಸರ 6ರಲ್ಲಿ ಕಿರುಬೆರಳು ಇನ್‌ಸೋಲ್‌ನಿಂದ ಹೊರಗೆ ಬಂತು. ಅದೇ ಮಾದರಿಯ ಗಂಡಸರ 6 ತರಿಸಿದೆವು. ಬೆರಳುಗಳು ಆರಾಮಾಗಿ ಕೂತವು. ಹಿಮ್ಮಡಿ ಮಾತ್ರ ಕೂದಲೆಳೆಯಷ್ಟು ಮೇಲೇಳುತ್ತಿತ್ತು.

ಶೂನ ತೀರಾ ಮೇಲೆ ಒಂದು ಹೆಚ್ಚುವರಿ ತೂತು ಇರುತ್ತದಲ್ಲ, ಯಾರೂ ಬಳಸದ್ದು? ಅದು ಇರುವುದೇ ಇದಕ್ಕೆ. ಲೇಸನ್ನು ಅದೇ ಬದಿಯ ಆ ತೂತಿಗೆ ಪೋಣಿಸಿದರೆ ಎರಡೂ ಕಡೆ ಒಂದೊಂದು ಚಿಕ್ಕ ಕುಣಿಕೆ ಆಗುತ್ತದೆ. ಎಡಗಡೆ ಲೇಸಿನ ತುದಿಯನ್ನು ಬಲಗಡೆ ಕುಣಿಕೆಯೊಳಗೆ, ಬಲಗಡೆಯದನ್ನು ಎಡಗಡೆ ಕುಣಿಕೆಯೊಳಗೆ ತೂರಿಸಿ, ಕೆಳಕ್ಕೆ ಎಳೆದು ಕಟ್ಟಿದರೆ ಹಿಮ್ಮಡಿ ಗಟ್ಟಿಯಾಗಿ ಕೂರುತ್ತದೆ. ಹುಡುಗ ಮೊಣಕಾಲೂರಿ ಕಟ್ಟಿಕೊಟ್ಟ. ಅಕ್ಕ ಮತ್ತೆ ಓಡಿದಳು. ಈ ಸಲ ನನ್ನನ್ನು ಜೊತೆಗೆ ಕರೆಯಲಿಲ್ಲ.

"ಇದರಲ್ಲಿ ಶೂ ಹಾಕಿದೀನಿ ಅಂತಾನೇ ಗೊತ್ತಾಗಲ್ಲ" ಅಂದಳು. ನಾನು ಕಾಯುತ್ತಿದ್ದದ್ದು ಈ ಮಾತಿಗೆ.

ಶೂ ಎಲ್ಲಾದರೂ ಒತ್ತುತ್ತಿದ್ದರೆ "ಹಾಕ್ತಾ ಹಾಕ್ತಾ ಸರಿಹೋಗುತ್ತೆ" ಅನ್ನುವ ಮಾತು ನಂಬಬೇಡಿ. ಚರ್ಮದ ಚಪ್ಪಲಿ ನಾಲ್ಕು ದಿನ ಕಚ್ಚಿ ಆಮೇಲೆ ಹೊಂದಿಕೊಳ್ಳುತ್ತದೆ. ಓಟದ ಶೂ ಮೊದಲ ದಿನವೇ ಹಿತವಾಗಿ ಇರಬೇಕು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲಗೆ ಹೊಸ ಶೂ ಹೊಂದಲಿಲ್ಲ. ಅವರು ಬರಿಗಾಲಲ್ಲೇ ಮ್ಯಾರಥಾನ್ ಓಡಿ ಚಿನ್ನ ಗೆದ್ದರು.

ದುಡ್ಡು ಮತ್ತು ಬಾಳಿಕೆ

ದೊಡ್ಡ ಕಂಪನಿಗಳ, ಅಂದರೆ ನೈಕಿಯ ಪೆಗಸಸ್, ಏಸಿಕ್ಸ್‌ನ ನಿಂಬಸ್‌ನಂಥ ಮಾದರಿಗಳ ಬೆಲೆ ಈಗ ಹತ್ತು ಸಾವಿರ ದಾಟಿದೆ. ಮೊದಲ ಜೋಡಿಗೆ ಅಷ್ಟು ಹಾಕಲೇಬೇಕು ಅಂತಿಲ್ಲ. ಹೊಸ ನಂಬರ್ ಬಂದ ಕೂಡಲೇ ಹಿಂದಿನ ವರ್ಷದ್ದು ರಿಯಾಯಿತಿಗೆ ಬರುತ್ತದೆ. ಅಂಗಡಿಯಲ್ಲಿ ಅದನ್ನೇ ಕೇಳಿ. ನಿಮ್ಮ ಸೈಜ್ ಇದ್ದು, ಕಾಲಿಗೆ ಕೂತರೆ ಅದಕ್ಕಿಂತ ಒಳ್ಳೆಯ ವ್ಯಾಪಾರ ಇಲ್ಲ. ಅಕ್ಕನದ್ದೂ ಹಿಂದಿನ ವರ್ಷದ ಮಾದರಿ. ಬಣ್ಣ ಅವಳಿಗೆ ಅಷ್ಟೇನೂ ಇಷ್ಟವಾಗಲಿಲ್ಲ. ಬಣ್ಣಕ್ಕೋಸ್ಕರ ಸರಿಯಾದ ಶೂ ಬಿಡಬೇಡ ಅಂದೆ.

ಸಾಮಾನ್ಯವಾಗಿ ಒಂದು ಜೋಡಿ 500ರಿಂದ 800 ಕಿ.ಮೀ. ಬರುತ್ತದೆ. ಮೇಲಿನ ಬಟ್ಟೆ ಹೊಸದರಂತಿದ್ದರೂ ಒಳಗಿನ ಫೋಮ್ ಸತ್ತಿರುತ್ತದೆ. ಕಾರಣವಿಲ್ಲದೆ ಮೊಣಕಾಲು, ಮೀನಖಂಡ ನೋಯತೊಡಗಿದರೆ ಮೊದಲು ಶೂ ಎಷ್ಟು ಓಡಿದೆ ಅಂತ ಲೆಕ್ಕ ಹಾಕಿ. ಓಟದ ಶೂವನ್ನು ತರಕಾರಿ ತರಲು, ಆಫೀಸಿಗೆ ಹಾಕಬೇಡಿ, ಅದರ ಕಿಲೋಮೀಟರ್ ಸುಮ್ನೆ ಖರ್ಚಾಗುತ್ತದೆ. ಮಳೆಯಲ್ಲಿ ನೆನೆದರೆ ಇನ್‌ಸೋಲ್ ತೆಗೆದು, ಒಳಗೆ ಹಳೇ ಪೇಪರ್ ತುರುಕಿ, ಫ್ಯಾನ್ ಕೆಳಗೆ ಇಡಿ. ಸುಡುಬಿಸಿಲಿಗೆ ಇಟ್ಟರೆ ಫೋಮ್ ಮತ್ತು ಅಂಟು ಎರಡೂ ಹಾಳು. ವಾಷಿಂಗ್ ಮೆಷಿನ್‌ಗೂ ಬೇಡ.

ಹೊಸ ಶೂ ಹಾಕಿ ಸೀದಾ ರೇಸ್‌ಗೆ ಹೋಗಬಾರದು. ಅಕ್ಕ ಮೊದಲ ವಾರ ಬರೀ 2–3 ಕಿ.ಮೀ. ಓಡಿದಳು, ಮೂರನೇ ವಾರದಲ್ಲಿ 6 ಮುಟ್ಟಿದಳು. ಶೂನ ನಾಲಿಗೆಯ ಒಳಗೆ ಮಾರ್ಕರ್ ಪೆನ್ನಿನಲ್ಲಿ ಕೊಂಡ ತಾರೀಖು ಬರೆದುಕೊಟ್ಟಿದ್ದೆ. ಓಡಿದ ಕಿಲೋಮೀಟರನ್ನು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್‌ನಲ್ಲೇ ಪಕ್ಕಕ್ಕೆ ಬರೆಯುತ್ತಾಳೆ. ಮೊನ್ನೆ ಫೋನ್ ಮಾಡಿದಾಗ 210 ಆಗಿತ್ತು. ಉಗುರು ಹತ್ತೂ ಸರಿಯಾಗಿವೆಯಂತೆ.